ಮಕ್ಕಳು ಬ್ರಿಟನ್ ಪ್ರಜೆಗಳು, ಅಪ್ಪನಿಗೆ ಗಡೀಪಾರಿನ ನೋಟಿಸ್: ಏನು ಮಾಡಬಹುದು?

ಪ್ರಶ್ನೆ: ನನ್ನ ಅಣ್ಣ 2010ರಲ್ಲಿ ಕೆಲಸದ ವೀಸಾದಲ್ಲಿ ಇಂಗ್ಲೆಂಡಿಗೆ ಹೋದ. ಆಗ ಅವನಿಗೆ 28 ವರ್ಷ. 2015ರಲ್ಲಿ ಪಿಆರ್ (ಕಾಯಂ ಆಗಿ ಇರಲು ಅನುಮತಿ) ಸಿಕ್ಕಿತು, ಪಾಸ್‌ಪೋರ್ಟ್ ಮಾತ್ರ ಭಾರತದ್ದೇ. ಅತ್ತಿಗೆ ಅಲ್ಲಿನ ಪೌರತ್ವ ತಗೊಂಡಿದ್ದಾರೆ. ಮಗಳಿಗೆ 9, ಮಗನಿಗೆ 7. ಇಬ್ಬರೂ ಅಲ್ಲೇ ಹುಟ್ಟಿದವರು. ಅಣ್ಣ ಜೋರಾಗಿ ಕಾರು ಓಡಿಸಿ ಅಪಘಾತವಾಯಿತು, ಒಬ್ಬರಿಗೆ ತೀವ್ರ ಗಾಯವಾಯಿತು. 20 ತಿಂಗಳು ಜೈಲು ಶಿಕ್ಷೆ ಆಗಿದೆ. ಈಗ ಜೈಲಿಗೇ ಗಡೀಪಾರಿನ ನೋಟಿಸ್ ಬಂದಿದೆ. ಅವನು ಕಳ್ಳನೂ ಅಲ್ಲ, ಗೂಂಡಾನೂ ಅಲ್ಲ. ಹೆಂಡತಿ ಮಕ್ಕಳು ಅಲ್ಲಿನ ಪ್ರಜೆಗಳಾಗಿರುವಾಗ ಅವನನ್ನು ಹೇಗೆ ಕಳಿಸುತ್ತಾರೆ? ಕುಟುಂಬ ಜೀವನದ ಹಕ್ಕು ಅಂತ ಇದೆಯಂತಲ್ಲ? ಚಿಕ್ಕ ಹುಡುಗನಿಗೆ ಆಟಿಸಂ ಇದೆ, ಊರಲ್ಲಿ ಯಾರಿಗೂ ಹೇಳಿಲ್ಲ. ದಯವಿಟ್ಟು ದಾರಿ ತೋರಿಸಿ.
ಒಬ್ಬ ಓದುಗರು, ಹಾಸನ

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹೌದು, ಕಳಿಸಬಹುದು. ಹೆಂಡತಿ ಮಕ್ಕಳು ಬ್ರಿಟನ್ ಪ್ರಜೆಗಳು ಎಂಬ ಒಂದೇ ಕಾರಣಕ್ಕೆ ಗಡೀಪಾರು ನಿಲ್ಲುವುದಿಲ್ಲ. ಹಾಗಂತ ಆಸೆ ಬಿಡಬೇಕಾದ ಕೇಸೂ ಇದಲ್ಲ. ಇದನ್ನು ಉಳಿಸಬಲ್ಲ ಸಂಗತಿಯನ್ನು ನೀವು ಪತ್ರದ ಕೊನೆಯಲ್ಲಿ, ಅರ್ಧ ಸಾಲಿನಲ್ಲಿ ಬರೆದಿದ್ದೀರಿ. ಅದು ನಿಮ್ಮ ಅಣ್ಣನ ಮಗನ ಆಟಿಸಂ. ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ.

ಅದಕ್ಕೂ ಮುಂಚೆ ತುರ್ತಿನ ಮಾತು. ಜೈಲಿಗೆ ಬಂದಿರುವ ನೋಟಿಸ್‌ನಲ್ಲಿ ಉತ್ತರ ಕೊಡಲು ಒಂದು ಗಡುವು ಇರುತ್ತದೆ. ಅದನ್ನು ಇವತ್ತೇ ನೋಡಿಸಿ. "ಬಿಡುಗಡೆ ಆದ ಮೇಲೆ ನೋಡಿಕೊಂಡರಾಯಿತು" ಅಂತ ಕೂತರೆ ಕೇಸು ಅಲ್ಲೇ ಮುಗಿಯಬಹುದು. ಇದಕ್ಕೊಂದು ಕಾರಣವಿದೆ, ಬಹಳ ಕುಟುಂಬಗಳಿಗೆ ಇದು ಗೊತ್ತೇ ಇರುವುದಿಲ್ಲ. ಗಡೀಪಾರಿನ ಆದೇಶದ ಮೇಲೆ ನೇರವಾಗಿ ಅಪೀಲು ಹೋಗಲು ಬರುವುದಿಲ್ಲ. ಮೊದಲು "ನನ್ನನ್ನು ಕಳಿಸಿದರೆ ಮಾನವ ಹಕ್ಕಿನ ಉಲ್ಲಂಘನೆ ಆಗುತ್ತದೆ" ಎಂದು ಲಿಖಿತವಾಗಿ ಅಲ್ಲಿನ ಗೃಹ ಇಲಾಖೆಯಾದ ಹೋಮ್ ಆಫೀಸ್‌ಗೆ ಕೊಡಬೇಕು. ಅವರು ಅದನ್ನು ತಿರಸ್ಕರಿಸಬೇಕು. ಆ ತಿರಸ್ಕಾರದ ಮೇಲೆ ಟ್ರಿಬ್ಯೂನಲ್‌ಗೆ ಅಪೀಲು. ನೋಟಿಸ್‌ಗೆ ಉತ್ತರವನ್ನೇ ಕೊಡದಿದ್ದರೆ ಅಪೀಲಿಗೆ ದಾರಿಯೇ ತೆರೆಯುವುದಿಲ್ಲ. ತಿರಸ್ಕಾರ ಬಂದ ಮೇಲೆ, ದೇಶದೊಳಗೆ ಇರುವವರಿಗೆ ಅಪೀಲಿಗೆ ಸಿಗುವುದು 14 ದಿನ ಮಾತ್ರ.

ಈಗ, ಇಷ್ಟು ವರ್ಷ ಕಾನೂನುಬದ್ಧವಾಗಿ ಇದ್ದವರನ್ನು ಹೇಗೆ ಕಳಿಸುತ್ತಾರೆ ಎಂಬ ಪ್ರಶ್ನೆ. ಬ್ರಿಟನ್‌ನಲ್ಲಿ 2007ರ ಯುಕೆ ಬಾರ್ಡರ್ಸ್ ಕಾಯ್ದೆ ಅಂತ ಇದೆ. ಅದರ 32ನೇ ಕಲಂ ಪ್ರಕಾರ, ವಿದೇಶಿ ಪ್ರಜೆಯೊಬ್ಬರಿಗೆ ಅಲ್ಲಿನ ಕೋರ್ಟು 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಕೊಟ್ಟರೆ ಗೃಹ ಸಚಿವರು ಗಡೀಪಾರಿನ ಆದೇಶ ಹೊರಡಿಸಲೇಬೇಕು. ಕಳ್ಳತನವೋ, ಮೋಸವೋ, ಕಾರಿನ ಅಪಘಾತವೋ ಅಂತ ಈ ಕಲಂ ವಿಂಗಡಿಸುವುದಿಲ್ಲ. ಶಿಕ್ಷೆಯ ತಿಂಗಳು ಎಷ್ಟು ಎಂದಷ್ಟೇ ನೋಡುತ್ತದೆ. 20 ತಿಂಗಳು ಅಂದರೆ ನಿಮ್ಮ ಅಣ್ಣ ಅದರೊಳಗೆ ಬಂದಾಯಿತು. ತಪ್ಪಿಸಿಕೊಳ್ಳುವ ದಾರಿಗಳು 33ನೇ ಕಲಮಿನಲ್ಲಿವೆ. ಅವುಗಳಲ್ಲಿ ನಿಮಗೆ ಬೇಕಾದದ್ದು ಮಾನವ ಹಕ್ಕಿನ ವಿನಾಯಿತಿ.

ಪಿಆರ್ ಇದ್ದೂ ಹೀಗಾ ಅಂತ ನಿಮಗೆ ಅನ್ನಿಸಿರಬೇಕು. ನಾವು ಪಿಆರ್ ಅನ್ನುವ ಐಎಲ್‌ಆರ್ ಕೊಡುವುದು ಅವಧಿಯ ಮಿತಿಯಿಲ್ಲದೆ ಇರಲು ಅನುಮತಿ, ಅಷ್ಟೇ. ಗಡೀಪಾರಿನ ಆದೇಶ ಹೊರಬಿದ್ದ ಕ್ಷಣ ಆ ಅನುಮತಿ ರದ್ದಾಗುತ್ತದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಹಾಗಾಗಿ ಅಲ್ಲಿರುವ ನಮ್ಮವರು ಎಷ್ಟೋ ಜನ ಊರಿನ ನಂಟು ಕಡಿಯಬಾರದು ಅಂತ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಪಿಆರ್‌ನಲ್ಲೇ ಇರುತ್ತಾರೆ. ಗಂಡ ಹೆಂಡತಿಯಲ್ಲಿ ಒಬ್ಬರು ಪೌರತ್ವ ತಗೊಳ್ಳುವುದು, ಇನ್ನೊಬ್ಬರು ಬಿಡುವುದು ತೀರಾ ಸಾಮಾನ್ಯ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಇಂಥ ದಿನ ಬಂದಾಗ ಒಂದೇ ಮನೆಯ ಇಬ್ಬರ ನಡುವೆ ಎಷ್ಟು ಅಂತರ ಇದೆ ಎಂಬುದು ಗೊತ್ತಾಗುತ್ತದೆ.

ಇನ್ನು ಕುಟುಂಬ ಜೀವನದ ಹಕ್ಕು. ನೀವು ಕೇಳಿರುವುದು ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿಯ ಬಗ್ಗೆ. 1950ರ ಒಡಂಬಡಿಕೆ ಅದು. ಬ್ರಿಟನ್ 1998ರಲ್ಲಿ ಕಾಯ್ದೆ ಮಾಡಿ ಅದನ್ನು ತನ್ನ ಕಾನೂನಿಗೆ ತಂದಿತು. ಆ ವಿಧಿಯ ಮೊದಲ ಭಾಗ ಪ್ರತಿಯೊಬ್ಬರ ಖಾಸಗಿ ಬದುಕು, ಕುಟುಂಬ, ಮನೆಗೆ ಗೌರವ ಸಿಗಬೇಕು ಅನ್ನುತ್ತದೆ. ಎರಡನೇ ಭಾಗ, ಅಪರಾಧ ತಡೆಯುವಂಥ ಕಾರಣಗಳಿದ್ದರೆ ಸರ್ಕಾರ ಅಗತ್ಯ ಇರುವಷ್ಟು ಮಧ್ಯೆ ಬರಬಹುದು ಅನ್ನುತ್ತದೆ. ಜಗಳವೆಲ್ಲ "ಅಗತ್ಯ ಇರುವಷ್ಟು" ಅಂದರೆ ಎಷ್ಟು ಎಂಬುದರ ಮೇಲೆ.

ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಕೋರ್ಟು ಇದನ್ನು ಹಲವು ವರ್ಷಗಳಲ್ಲಿ ಬಿಡಿಸುತ್ತಾ ಬಂದಿದೆ. 1988ರ ಬೆರ್ರೆಹಾಬ್ ಕೇಸಿನಲ್ಲಿ ಮೊರಾಕ್ಕೋದ ಒಬ್ಬ ತಂದೆಗೆ ನೆದರ್ಲೆಂಡ್ಸ್ ವಿಚ್ಛೇದನ ಆದ ಮೇಲೆ ವಾಸದ ಪರವಾನಗಿ ನಿರಾಕರಿಸಿತ್ತು. ಆತ ವಾರಕ್ಕೆ ನಾಲ್ಕು ಸಲ ಮಗಳನ್ನು ನೋಡುತ್ತಿದ್ದ. ಆ ನಂಟನ್ನು ಕಡಿಯುವುದು ತಪ್ಪು ಎಂದು ಕೋರ್ಟು ಹೇಳಿತು. 2001ರ ಬುಲ್ತಿಫ್ ಕೇಸಿನಲ್ಲಿ ದರೋಡೆಗೆ ಎರಡು ವರ್ಷ ಶಿಕ್ಷೆಯಾದ ಅಲ್ಜೀರಿಯಾದ ವ್ಯಕ್ತಿ, ಆತನ ಸ್ವಿಸ್ ಹೆಂಡತಿ. ಅಲ್ಲೂ ಗೆದ್ದದ್ದು ಕುಟುಂಬವೇ. ಏನೇನು ತೂಗಿ ನೋಡಬೇಕು ಎಂಬುದನ್ನು ಕೋರ್ಟು ಆ ತೀರ್ಪಿನಲ್ಲಿ ಹೇಳಿತು. ಅಪರಾಧ ಎಷ್ಟು ಗಂಭೀರ, ಎಷ್ಟು ವರ್ಷದಿಂದ ಆ ದೇಶದಲ್ಲಿದ್ದಾರೆ, ಅಪರಾಧದ ನಂತರ ನಡತೆ ಹೇಗಿದೆ, ಅಪರಾಧ ಗೊತ್ತಿದ್ದೂ ಮದುವೆಯಾದರೋ ಅಥವಾ ಮದುವೆ ಮೊದಲೇ ಆಗಿತ್ತೋ, ಹೆಂಡತಿ ಗಂಡನ ದೇಶದಲ್ಲಿ ಬದುಕಲು ಎಷ್ಟು ಕಷ್ಟ, ಹೀಗೆ. 2006ರ ಊನರ್ ಕೇಸು ಇದಕ್ಕೆ ಮಕ್ಕಳ ಹಿತವನ್ನು ಸ್ಪಷ್ಟವಾಗಿ ಸೇರಿಸಿತು. ಆದರೂ ಊನರ್ ಸೋತರು. ನರಹತ್ಯೆಗೆ ಏಳು ವರ್ಷ ಶಿಕ್ಷೆಯಾಗಿದ್ದ ಅವರು 12ನೇ ವಯಸ್ಸಿಗೇ ನೆದರ್ಲೆಂಡ್ಸ್‌ಗೆ ಬಂದವರು, ಮಕ್ಕಳೂ ಇದ್ದವು. ಅಪರಾಧದ ತೂಕವೇ ಹೆಚ್ಚಾಯಿತು.

ನಿಮ್ಮ ಅಣ್ಣನ ಪರವಾಗಿ ಇಲ್ಲಿ ಒಂದಿಷ್ಟು ಇದೆ. ಅಪಘಾತಕ್ಕೆ ಎಷ್ಟೋ ಮುಂಚೆಯೇ ಮದುವೆಯಾಗಿ ಮಕ್ಕಳಾಗಿತ್ತು. ಅಷ್ಟೂ ವರ್ಷ ಕಾನೂನುಬದ್ಧವಾಗಿಯೇ ಇದ್ದರು. ವೀಸಾ ಮುಗಿದು ಕದ್ದು ಉಳಿದವರ ಪರಿಸ್ಥಿತಿ ಬೇರೆ. ಅಂಥ ಹೊತ್ತಿನಲ್ಲಿ ಕಟ್ಟಿಕೊಂಡ ಸಂಸಾರಕ್ಕೆ ಬ್ರಿಟನ್ ಕಾನೂನು ತೀರಾ ಕಡಿಮೆ ಬೆಲೆ ಕೊಡುತ್ತದೆ.

ಬ್ರಿಟನ್ ಸಂಸತ್ತು 2014ರಲ್ಲಿ ಈ ತೂಗಾಟವನ್ನು ತಾನೇ ನಿಯಮದೊಳಗೆ ಕಟ್ಟಿಹಾಕಿತು. 2002ರ ರಾಷ್ಟ್ರೀಯತೆ, ವಲಸೆ ಮತ್ತು ಆಶ್ರಯ ಕಾಯ್ದೆಗೆ 117ಸಿ ಎಂಬ ಕಲಂ ಸೇರಿತು. ನಾಲ್ಕು ವರ್ಷಕ್ಕಿಂತ ಕಡಿಮೆ ಶಿಕ್ಷೆ ಆದವರಿಗೆ ಅದರಲ್ಲಿ ಎರಡು ವಿನಾಯಿತಿ ಇವೆ. ಒಂದು, ಬದುಕಿನ ಬಹುಭಾಗ ಬ್ರಿಟನ್‌ನಲ್ಲೇ ಕಳೆದವರಿಗೆ. 28ಕ್ಕೆ ಹೋದ ನಿಮ್ಮ ಅಣ್ಣನಿಗೆ ಅದು ಒದಗುವುದಿಲ್ಲ, ಆ ಮಾತು ಬಿಡಿ. ಎರಡನೆಯದು ಸಂಸಾರದ ವಿನಾಯಿತಿ. ಬ್ರಿಟನ್ ಪ್ರಜೆಯಾದ ಅಥವಾ ಅಲ್ಲಿ ಪಿಆರ್ ಇರುವ ಸಂಗಾತಿಯ ಮೇಲೆ, ಇಲ್ಲವೇ ಬ್ರಿಟನ್ ಪ್ರಜೆಯಾದ ಅಥವಾ ಏಳು ವರ್ಷದಿಂದ ಅಲ್ಲೇ ಬೆಳೆದ ಮಗುವಿನ ಮೇಲೆ ಗಡೀಪಾರಿನ ಪರಿಣಾಮ "ಮಿತಿಮೀರಿ ಕಠೋರ" ಆಗಿರಬೇಕು. ಇದು ಸಾಬೀತಾದರೆ ಸಾಕು, ಗಡೀಪಾರು ನಿಲ್ಲುತ್ತದೆ. ನಾಲ್ಕು ವರ್ಷ ದಾಟಿದವರಿಗೆ ಇದೂ ಸಾಲದು, ಇದಕ್ಕೂ ಮಿಗಿಲಾದ ಬಲವಾದ ಕಾರಣ ಬೇಕು. ನಿಮ್ಮ ಅಣ್ಣನ ಶಿಕ್ಷೆ 20 ತಿಂಗಳು. ಇದು ದೊಡ್ಡ ಅನುಕೂಲ.

"ಅವನು ಕಳ್ಳನಲ್ಲ, ಗೂಂಡಾ ಅಲ್ಲ" ಅಂತ ಬರೆದಿರಿ. ನಿಮ್ಮ ಸಂಕಟ ಸರಿ. ಆದರೆ ಈ ಎರಡನೇ ವಿನಾಯಿತಿಯಲ್ಲಿ ಆ ವಾದಕ್ಕೆ ಜಾಗವಿಲ್ಲ. 2018ರ ಕೆಒ (ನೈಜೀರಿಯಾ) ಕೇಸಿನಲ್ಲಿ ಬ್ರಿಟನ್ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಮಗುವಿನ ಮೇಲಿನ ಪರಿಣಾಮ ಅಳೆಯುವಾಗ ತಂದೆಯ ಅಪರಾಧ ಎಷ್ಟು ದೊಡ್ಡದು ಅಂತ ತೂಗಬಾರದು. ನೋಡಬೇಕಾದದ್ದು ಮಗುವನ್ನು. ಅಂದರೆ ಅಣ್ಣ ಒಳ್ಳೆಯವರು ಎಂದು ಹತ್ತು ಜನರಿಂದ ಪತ್ರ ಬರೆಸುವುದಕ್ಕಿಂತ, ಆ ಏಳು ವರ್ಷದ ಹುಡುಗನ ದಿನ ಹೇಗೆ ಕಳೆಯುತ್ತದೆ ಎಂಬ ಒಂದು ಸರಿಯಾದ ವರದಿ ಹೆಚ್ಚು ಕೆಲಸ ಮಾಡುತ್ತದೆ.

"ಮಿತಿಮೀರಿ ಕಠೋರ" ಎಂಬ ಅಳತೆ ಬಹಳ ಎತ್ತರದ್ದು. ಅನಾನುಕೂಲ, ಬೇಸರ, ಸುಮ್ನೆ ಕಷ್ಟ, ಇವು ಯಾವುವೂ ಸಾಲುವುದಿಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಅಪ್ಪ ದೂರವಾದರೆ ಮಕ್ಕಳು ಅಳುತ್ತಾರೆ, ಅದು ಎಲ್ಲ ಗಡೀಪಾರಿನಲ್ಲೂ ಇದ್ದದ್ದೇ ಎಂಬುದು ಹೋಮ್ ಆಫೀಸ್‌ನ ಹಳೆಯ ವಾದ. ನನ್ನ ಅಭಿಪ್ರಾಯ ಕೇಳಿದರೆ, ಅಪ್ಪ ಮಾಡಿದ ತಪ್ಪಿಗೆ ಒಂಬತ್ತು ವರ್ಷದ ಹುಡುಗಿ ಅಳುವುದು "ಇದ್ದದ್ದೇ" ಅಂತ ಒಂದು ದೇಶ ಬರೆದಿಟ್ಟುಕೊಳ್ಳುವುದು ಅನ್ಯಾಯ. 2022ರ ಎಚ್‌ಎ (ಇರಾಕ್) ತೀರ್ಪು ಸ್ವಲ್ಪ ಉಸಿರಾಡಲು ಬಿಟ್ಟಿದೆ. "ಸಾಮಾನ್ಯ ಮಗು" ಅಂತ ಒಂದನ್ನು ಕಲ್ಪಿಸಿಕೊಂಡು, ಅದಕ್ಕೆ ಆಗುವುದಕ್ಕಿಂತ ಈ ಮಗುವಿಗೆ ಜಾಸ್ತಿ ಆಗುತ್ತದೆಯೇ ಅಂತ ಹೋಲಿಸುವ ಪದ್ಧತಿ ತಪ್ಪು ಎಂದು ಸುಪ್ರೀಂ ಕೋರ್ಟು ಅದರಲ್ಲಿ ಹೇಳಿತು. ಕಣ್ಣ ಮುಂದಿರುವ ಈ ಮಗುವನ್ನೇ ನೋಡಬೇಕು. ಅಳತೆ ಮಾತ್ರ ಎತ್ತರದ್ದಾಗಿಯೇ ಉಳಿದಿದೆ.

ಇದನ್ನು ಎರಡು ಕಡೆಯಿಂದ ಸಾಬೀತು ಮಾಡಬೇಕು. ಮಗು ಅಪ್ಪನ ಜೊತೆ ಭಾರತಕ್ಕೆ ಬಂದರೂ ಮಿತಿಮೀರಿದ ಕಷ್ಟ. ಮಗು ಅಮ್ಮನ ಜೊತೆ ಅಲ್ಲೇ ಉಳಿದು ಅಪ್ಪ ಒಬ್ಬನೇ ಬಂದರೂ ಮಿತಿಮೀರಿದ ಕಷ್ಟ. ಒಂದರಲ್ಲಿ ಸೋತರೂ ಕೇಸು ಹೋಯಿತು. ನಮ್ಮ ಕುಟುಂಬಗಳು ಎಡವುವುದು ಇಲ್ಲೇ.

ಭಾರತಕ್ಕೆ ಬರುವ ಮಾತನ್ನು ಮೊದಲು ನೋಡೋಣ. ಅಧಿಕಾರಿ ಅತ್ತಿಗೆಯನ್ನು ನಯವಾಗಿ ಕೇಳುತ್ತಾರೆ: ಮನೆಯಲ್ಲಿ ಯಾವ ಭಾಷೆ? ರಜೆಗೆ ಎಲ್ಲಿಗೆ ಹೋಗುತ್ತೀರಿ? ನಾವು ಹೆಮ್ಮೆಯಿಂದ ಹೇಳುತ್ತೇವೆ: ಮಕ್ಕಳು ಚೆನ್ನಾಗಿ ಕನ್ನಡ ಮಾತಾಡುತ್ತಾರೆ, ಪ್ರತಿ ಬೇಸಿಗೆಗೆ ಅಜ್ಜಿ ಮನೆಗೆ ಹೋಗುತ್ತೇವೆ, ಹಾಸನದಲ್ಲಿ ಸ್ವಂತ ಮನೆ ಇದೆ. ಇವೆಲ್ಲ ತಿರಸ್ಕಾರದ ಪತ್ರದಲ್ಲಿ ಸಾಲಾಗಿ ಬರುತ್ತವೆ: ಭಾಷೆ ಗೊತ್ತಿದೆ, ಮನೆ ಇದೆ, ಅಜ್ಜಿ ಇದ್ದಾರೆ, ಇಂಗ್ಲಿಷ್ ಮೀಡಿಯಂ ಶಾಲೆ ಇದೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಸಿಗುತ್ತದೆ. ಸುಳ್ಳು ಹೇಳಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ನ್ಯಾಯಾಧೀಶರು ನಂಬುವುದಿಲ್ಲ. ಆದರೆ ಪೂರ್ತಿ ನಿಜ ಹೇಳಬೇಕು. ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರೆಯಲು ಬರುತ್ತದೆಯೇ? ಹುಡುಗನಿಗೆ ಎಷ್ಟು ಮಾತು, ಯಾವ ಭಾಷೆಯಲ್ಲಿ? ಕಳೆದ ಸಲ ಊರಿಗೆ ಬಂದಾಗ ಮನೆ ತುಂಬಾ ನೆಂಟರು, ಗಲಾಟೆ, ಹೊಸ ಊಟ. ಆಗ ಅವನು ಹೇಗಿದ್ದ? ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದನೇ?

ಇಲ್ಲೇ ಆಟಿಸಂನ ಮಾತು ಬರುತ್ತದೆ. ಊರಲ್ಲಿ ಯಾರಿಗೂ ಹೇಳಿಲ್ಲ ಅಂದಿರಿ. ಜನ ಏನಂತಾರೋ ಎಂಬ ಅಂಜಿಕೆ ನನಗೆ ಗೊತ್ತು. ಆದರೆ ಅದೇ ಅಂಜಿಕೆಯಿಂದ ಅಲ್ಲಿನ ವಕೀಲರ ಹತ್ತಿರವೂ ಅರ್ಧ ಮುಚ್ಚಿಡುವ ತಂದೆ ತಾಯಿ ಇದ್ದಾರೆ. "ಸ್ವಲ್ಪ ಮಾತು ತಡ, ಸರಿಹೋಗುತ್ತೆ" ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರೋಗನಿರ್ಣಯದ ಪತ್ರ ಬೇಕು. ಶಾಲೆಯಲ್ಲಿ ವಿಶೇಷ ನೆರವಿಗೆ ಇಎಚ್‌ಸಿಪಿ ಎಂಬ ಯೋಜನೆಯ ದಾಖಲೆ ಮಾಡಿರಬಹುದು. ಇಂಗ್ಲೆಂಡಿನಲ್ಲಿ ಶಿಕ್ಷಣ, ಆರೋಗ್ಯ, ಆರೈಕೆ ಮೂರನ್ನೂ ಸೇರಿಸಿ ಒಂದು ಮಗುವಿಗೆಂದೇ ಬರೆಯುವ ದಾಖಲೆ ಅದು. ಅದಿದ್ದರೆ ಚಿನ್ನದಂಥ ಸಾಕ್ಷಿ. ಇಲ್ಲದಿದ್ದರೆ ಶಾಲೆಯ ವಿಶೇಷ ಅಗತ್ಯಗಳ ಟೀಚರ್ ಬರೆದ ಪತ್ರ, ಸ್ಪೀಚ್ ಥೆರಪಿಯ ವರದಿ.

ಒಂದು ಎಚ್ಚರಿಕೆ. "ಭಾರತದಲ್ಲಿ ಆಟಿಸಂಗೆ ಏನೂ ಸೌಲಭ್ಯ ಇಲ್ಲ" ಅಂತ ವಾದಿಸಬೇಡಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಹೋಮ್ ಆಫೀಸ್ ಇದನ್ನೆಲ್ಲ ತೋರಿಸಿದರೆ ನಿಮ್ಮ ವಾದ ಕುಸಿಯುತ್ತದೆ. ಈ ಹುಡುಗನ ಬಗ್ಗೆ ಮಾತ್ರ ಮಾತಾಡಿ. ಹಾಸನದಿಂದ ಮೈಸೂರಿಗೆ ಹೋಗಿ ಬರುವ ಅಷ್ಟು ದೂರದ ಪ್ರಯಾಣವನ್ನು ಇವನು ತಡೆದಾನೇ? ಇಂಗ್ಲಿಷಿನಲ್ಲಿ ನಾಲ್ಕು ಮಾತು ಕಲಿತ ಮಗುವಿಗೆ ಬೇರೆ ಪರಿಸರದಲ್ಲಿ ಮತ್ತೆ ಮೊದಲಿಂದ ಶುರು ಮಾಡಿಸಿದರೆ ಏನಾಗುತ್ತದೆ? ಇದನ್ನು ನೀವಾಗಲಿ ನಾನಾಗಲಿ ಹೇಳಿದರೆ ಸಾಲದು, ಅವನನ್ನು ನೋಡುತ್ತಿರುವ ತಜ್ಞರು ಹೇಳಬೇಕು.

ಇನ್ನೊಂದು ಕಡೆ, ಮಕ್ಕಳು ಅಮ್ಮನ ಜೊತೆ ಅಲ್ಲೇ ಉಳಿದರೆ? ಇಲ್ಲಿ ಹೋಮ್ ಆಫೀಸ್ ಹತ್ತಿರ ಸಿದ್ಧ ಉತ್ತರ ಇರುತ್ತದೆ. "ತಂದೆ ಜೈಲಿನಲ್ಲಿದ್ದಾಗ ತಾಯಿ ಒಬ್ಬರೇ ನಿಭಾಯಿಸಿದ್ದಾರಲ್ಲ?" ಇದನ್ನು ಎದುರಿಸಬೇಕಾದರೆ ಆ ತಿಂಗಳುಗಳಲ್ಲಿ ಮನೆಯಲ್ಲಿ ನಿಜವಾಗಿ ಏನಾಯಿತು ಎಂಬುದು ಕಾಗದದ ಮೇಲೆ ಇರಬೇಕು. ಅತ್ತಿಗೆ ಕೆಲಸದ ಗಂಟೆ ಕಡಿಮೆ ಮಾಡಿಕೊಂಡರೇ? ಸಾಲವಾಯಿತೇ? ಡಾಕ್ಟರ್ ಹತ್ತಿರ ನಿದ್ದೆ ಬರುತ್ತಿಲ್ಲ ಅಂತ ಹೋಗಿದ್ದರೇ? ಬೆಳಿಗ್ಗೆ ಹುಡುಗನಿಗೆ ಶೂ ಹಾಕಿಸಿ ಅದೇ ದಾರಿಯಲ್ಲಿ ಶಾಲೆಗೆ ಕರೆದೊಯ್ಯುತ್ತಿದ್ದವರು ಅಪ್ಪ ಆಗಿದ್ದರೆ, ಅಪ್ಪ ಹೋದ ಮೇಲೆ ಎಷ್ಟು ದಿನ ಅವನು ಶಾಲೆಗೆ ಹೋಗಲೇ ಇಲ್ಲ? ಶಾಲೆಯ ಹಾಜರಿ ಪುಸ್ತಕ ಈ ಕೊನೆಯ ಪ್ರಶ್ನೆಗೆ ದಿನಾಂಕ ಸಮೇತ ಉತ್ತರ ಕೊಡುತ್ತದೆ. ಮಗಳನ್ನೂ ಮರೆಯಬೇಡಿ. ಗಟ್ಟಿಗಿತ್ತಿಯಂತೆ ತಮ್ಮನನ್ನು ನೋಡಿಕೊಳ್ಳುವ ಮಕ್ಕಳ ಸಂಕಟ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಧ್ಯವಾದರೆ ಸ್ವತಂತ್ರ ಸಮಾಜ ಕಾರ್ಯಕರ್ತರಿಂದ, ಮನೆಗೆ ಬಂದು ಇಬ್ಬರು ಮಕ್ಕಳನ್ನೂ ನೋಡಿ ವರದಿ ಬರೆಯುವಂತೆ ವಕೀಲರ ಮೂಲಕ ಮಾಡಿಸಿ. ದುಡ್ಡು ಖರ್ಚಾಗುತ್ತದೆ. ಬೇರೆ ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ.

ಅಣ್ಣನ ಕಡೆಯಿಂದ ಬೇಕಾದದ್ದು ಕಡಿಮೆ. ಶಿಕ್ಷೆ ಕೊಡುವಾಗ ನ್ಯಾಯಾಧೀಶರು ಆಡಿದ ಮಾತುಗಳ ಪ್ರತಿ, ಮತ್ತೆ ತಪ್ಪು ಮಾಡುವ ಸಾಧ್ಯತೆ ಬಗ್ಗೆ ಪ್ರೊಬೇಷನ್‌ನವರ ಓಎಸಿಸ್ ವರದಿ, ಜೈಲಿನಿಂದ ಮಕ್ಕಳಿಗೆ ಮಾಡಿದ ಫೋನು ಮತ್ತು ಭೇಟಿಯ ದಾಖಲೆ. ಗಾಯಗೊಂಡವರ ಬಗ್ಗೆ ಅವರು ತಮ್ಮ ಹೇಳಿಕೆಯಲ್ಲಿ ಮನಸ್ಸಿಟ್ಟು ಬರೆಯಲಿ. "ಅಪಘಾತ ಆಗಿಹೋಯಿತು" ಅಂತ ಬರೆದರೆ ಪಶ್ಚಾತ್ತಾಪ ಇಲ್ಲ ಅನ್ನಿಸುತ್ತದೆ. ಅಲ್ಲಿಯೂ ಒಂದು ಕುಟುಂಬ ನೋವು ತಿಂದಿದೆ, ಅಲ್ವಾ?

2025ರ ಆಗಸ್ಟ್‌ನಲ್ಲಿ ಬಂದ ಒಂದು ಬದಲಾವಣೆ ನಿಮಗೆ ನೇರವಾಗಿ ತಟ್ಟಬಹುದು. "ಮೊದಲು ಗಡೀಪಾರು, ಆಮೇಲೆ ಅಪೀಲು" ಎಂಬ ಪದ್ಧತಿಯ ದೇಶಗಳ ಪಟ್ಟಿಗೆ ಭಾರತವನ್ನೂ ಸೇರಿಸುವುದಾಗಿ ಬ್ರಿಟನ್ ಸರ್ಕಾರ ಆಗ ಪ್ರಕಟಿಸಿತು. ಅಂದರೆ ಅಣ್ಣನನ್ನು ಮೊದಲು ಇಲ್ಲಿಗೆ ಕಳಿಸಿ, ಅಪೀಲನ್ನು ಇಲ್ಲಿಂದ ವೀಡಿಯೊ ಮೂಲಕ ನಡೆಸಿ ಅನ್ನಬಹುದು. 2017ರ ಕಿಯಾರಿ ಮತ್ತು ಬಿಂಡ್‌ಲಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಹೊರಗಿನಿಂದ ಸರಿಯಾಗಿ ಸಾಕ್ಷಿ ಹೇಳುವ ವ್ಯವಸ್ಥೆ ಇಲ್ಲದೆ ಹೀಗೆ ಕಳಿಸುವುದು ಕಾನೂನಿಗೆ ವಿರುದ್ಧ ಅಂದಿತ್ತು. ಈಗ ವೀಡಿಯೊ ವ್ಯವಸ್ಥೆ ತೋರಿಸಿ ಅದನ್ನು ಮತ್ತೆ ತಂದಿದ್ದಾರೆ. ಆದ್ದರಿಂದ ನೋಟಿಸ್‌ಗೆ ಕೊಡುವ ಮೊದಲ ಉತ್ತರದಲ್ಲೇ, ಅಪೀಲು ಮುಗಿಯುವ ತನಕದ ಆ ಕೆಲವು ತಿಂಗಳ ಅಗಲಿಕೆ ಕೂಡ ಹುಡುಗನಿಗೆ ಸರಿಪಡಿಸಲಾಗದ ಹಾನಿ ಮಾಡುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಬರೆಸಿ. ಆದರೂ ಕಳಿಸುತ್ತೇವೆ ಅಂದರೆ ಅದನ್ನು ಪ್ರಶ್ನಿಸುವ ದಾರಿ ನ್ಯಾಯಿಕ ಪುನರ್ವಿಮರ್ಶೆ, ಅಂದರೆ ಸರ್ಕಾರದ ತೀರ್ಮಾನ ಕಾನೂನಿನ ಪ್ರಕಾರ ಇದೆಯೇ ಅಂತ ಕೋರ್ಟಿನಲ್ಲಿ ಕೇಳುವುದು. ಅದಕ್ಕೆ ಗಂಟೆಗಳ ಲೆಕ್ಕದಲ್ಲಿ ಓಡಬಲ್ಲ ವಕೀಲರು ಬೇಕು.

ವಕೀಲರ ಆಯ್ಕೆಯಲ್ಲಿ ಹುಷಾರು. ಸಾಲಿಸಿಟರ್ ಅಥವಾ ಬ್ಯಾರಿಸ್ಟರ್ ಆಗಿರಬೇಕು, ಇಲ್ಲವೇ ಅಲ್ಲಿನ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಣಿ ಆದವರಾಗಿರಬೇಕು. ವೀಸಾ ಅರ್ಜಿ ತುಂಬಿಕೊಡುವ ಪರಿಚಯದವರ ಕೈಗೆ ಇದನ್ನು ಕೊಡಬೇಡಿ. 2013ರಿಂದ ಇಂಥ ಕುಟುಂಬ ಜೀವನದ ಕೇಸಿಗೆ ಸರ್ಕಾರದ ಕಾನೂನು ನೆರವು ಮಾಮೂಲಾಗಿ ಸಿಗುವುದಿಲ್ಲ. ಆದರೆ ವಿಶೇಷ ಪ್ರಕರಣದ ನೆರವು ಅಂತ ಒಂದಿದೆ, ಅದಕ್ಕೆ ಅರ್ಜಿ ಹಾಕಬಹುದು. ಶಿಕ್ಷೆಯ ಅವಧಿ ಮುಗಿದ ಮೇಲೂ ಇಮಿಗ್ರೇಷನ್ ಬಂಧನದಲ್ಲಿ ಇಟ್ಟರೆ ಜಾಮೀನು ಕೇಳಲು ಬರುತ್ತದೆ.

ಸೋತರೆ ಏನು ಎಂಬುದನ್ನೂ ಹೇಳಬೇಕು. ಗಡೀಪಾರಿನ ಆದೇಶಕ್ಕೆ ತಾನಾಗಿ ಮುಗಿಯುವ ದಿನಾಂಕ ಇರುವುದಿಲ್ಲ. ರದ್ದು ಮಾಡಿಸುವ ತನಕ ಮಕ್ಕಳನ್ನು ನೋಡಲು ಕೂಡ ಬ್ರಿಟನ್‌ಗೆ ಹೋಗುವಂತಿಲ್ಲ. ರದ್ದತಿಗೆ ಹೊರಗಿನಿಂದ ಅರ್ಜಿ ಹಾಕಬಹುದು, ಸಿಗುವುದು ಸುಲಭವಲ್ಲ.

"ಇಂಗ್ಲೆಂಡಿನವರು ಇಷ್ಟು ಕಟುಕರಾ" ಅಂತ ನಿಮಗೆ ಅನ್ನಿಸಿದರೆ ಒಂದು ಮಾತು. ನಮ್ಮ ದೇಶದಲ್ಲಿ ವಿದೇಶಿಯರಿಗೆ ಇಷ್ಟೂ ಇಲ್ಲ. 1955ರ ಹ್ಯಾನ್ಸ್ ಮುಲ್ಲರ್ ಕೇಸಿನಿಂದಲೂ ವಿದೇಶಿಯರನ್ನು ಹೊರಹಾಕಲು ಸರ್ಕಾರಕ್ಕೆ ಅಡೆತಡೆ ಇಲ್ಲದ ಅಧಿಕಾರವಿದೆ ಎಂಬುದೇ ನಮ್ಮ ಸುಪ್ರೀಂ ಕೋರ್ಟಿನ ನಿಲುವು. 1937ರಿಂದ ಇಲ್ಲೇ ಇದ್ದ ಬೆಲ್ಜಿಯಂನ ಪಾದ್ರಿಯೊಬ್ಬರ ಕೇಸಿನಲ್ಲೂ, 1991ರಲ್ಲಿ, ಕೋರ್ಟು ಅದನ್ನೇ ಹೇಳಿತು. ಜೀವದ ಹಕ್ಕು ವಿದೇಶಿಯರಿಗೂ ಇದೆ, ಇಲ್ಲೇ ನೆಲೆಸುವ ಹಕ್ಕು ಇಲ್ಲ ಎಂದು. ನಿಮ್ಮ ಅಣ್ಣನಿಗೆ ಅಲ್ಲಿ ಸಿಗುವ ಈ ಇಷ್ಟು ಅವಕಾಶವನ್ನು ಪೂರ್ತಿ ಬಳಸಿಕೊಳ್ಳಬೇಕು.

ಕೊನೆಯದಾಗಿ, ಹಾಸನದಲ್ಲಿ ಕೂತು ನೀವು ಮಾಡಬಹುದಾದದ್ದು. ನಿಮ್ಮ, ನಿಮ್ಮ ತಾಯಿಯ ನೋವಿಗೆ ಈ ಕಾನೂನಿನಲ್ಲಿ ಜಾಗ ಕಡಿಮೆ. ನೀವು ಇಲ್ಲಿ ಇದ್ದೀರಿ ಎಂಬುದೇ ಅಣ್ಣನ ವಿರುದ್ಧ ಬಳಕೆಯಾಗುತ್ತದೆ. ಆದ್ದರಿಂದ ನಿಮ್ಮ ನಿಜ ಪರಿಸ್ಥಿತಿಯ ಬಗ್ಗೆ ಒಂದು ಹೇಳಿಕೆ ಬರೆಯಿರಿ. ಮನೆಯಲ್ಲಿ ಎಷ್ಟು ಕೋಣೆ, ಯಾರು ಯಾರಿದ್ದಾರೆ, ತಾಯಿಗೆ ಆರೋಗ್ಯ ಹೇಗಿದೆ, ವಿಶೇಷ ಆರೈಕೆ ಬೇಕಾದ ಮಗುವನ್ನು ಹಗಲು ನೋಡಿಕೊಳ್ಳಲು ಯಾರಾದರೂ ಇದ್ದಾರೆಯೇ, ಹತ್ತಿರದ ಶಾಲೆಗಳು ಅಂಥ ಮಗುವನ್ನು ಸೇರಿಸಿಕೊಳ್ಳುತ್ತವೆಯೇ. ಶಾಲೆಗಳಿಗೆ ಹೋಗಿ ಕೇಳಿ, ಉತ್ತರವನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ, ಅದು ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ ಮೊದಲು ವಕೀಲರಿಗೆ ತೋರಿಸಿ. ತಾಯಿಯ ಆಸ್ಪತ್ರೆ ಚೀಟಿಗಳಿದ್ದರೆ ಜೊತೆಗಿಡಿ. ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದಕರ ಹೆಸರು, ಸಹಿ, ದಿನಾಂಕ ಹಾಕಿಸಿ, ಸ್ಕ್ಯಾನ್ ಮಾಡಿ ಅತ್ತಿಗೆಗೆ ಈ ವಾರವೇ ಕಳಿಸಿ.